ಚಿಕ್ಕಮಾದಿಯ ಗುಡಿಸಲಿಗೆ ಎರಡು ಮಳೆಗಾಲ

ಬೆಳಕು ಇನ್ನೂ ಮರಗಳ ನೆತ್ತಿಯಿಂದ ಕೆಳಗಿಳಿದಿಲ್ಲ. ರಾತ್ರಿ ಸುರಿದ ಮಳೆಗೆ ಹುಲ್ಲಿನ ಮಾಡು ಒಂದು ಮೂಲೆಯಲ್ಲಿ ತೊಟ್ಟಿಕ್ಕುತ್ತಿದೆ. ಚಿಕ್ಕಮಾದಿ ಆ ಹನಿಯ ಕೆಳಗೆ ಬೋಸಿಯೊಂದನ್ನು ಇಡುತ್ತಾಳೆ, ತಲೆಯೆತ್ತಿ ಸೋರುವ ಜಾಗವನ್ನು ನೋಡುತ್ತಾಳೆ, ತನ್ನಷ್ಟಕ್ಕೆ ನಗುತ್ತಾಳೆ. ಆಮೇಲೆ ಒಲೆಯ ಬೂದಿ ಕೆದಕಿ, ಉಳಿದ ಕೆಂಡಕ್ಕೆ ಊದುಗೊಳವೆ ಹಿಡಿದು, ನೋಡಲು ಬಂದವಳತ್ತ ತಿರುಗುತ್ತಾಳೆ.

"ಬೆಂಕಿ ಎದ್ರೆ ಜನ ಏಳ್ತಾರೆ ಕಣವ್ವ. ಮೊದ್ಲು ಗಂಜಿ, ಆಮೇಲೆ ಗುಳಿಗೆ. ಬರೀ ಒಟ್ಟೇಲಿ ನುಂಗಿದ್ರೆ ವಾಂತಿ ಆಯ್ತದೆ. ಆಮೇಲೆ ಔಸ್ದಿನೇ ಕೆಟ್ಟದ್ದು ಅಂತಾರೆ."

ಕೋಟೆ ಪಟ್ಟಣದ ಬಸ್ಸು ತಿರುಗುವ ಜಾಗದಿಂದ ಕಾಡಂಚಿನ ಕಾಲುದಾರಿ ಹಿಡಿದರೆ ಕಾಡುಜನರ ಈ ಊರು, ಮುತ್ತುಗದ ಹಾಡಿ ಸಿಗುತ್ತದೆ. ಚಿಕ್ಕಮಾದಿ ಇಲ್ಲಿನ ಆರೋಗ್ಯ ಕೇಂದ್ರದ ಆಯಾ. ಪಿರಿಯಾಪಟ್ಟಣದ ಕಡೆಯ ನರ್ಸ್ ಕೆಂಪಾಜಮ್ಮ ವಾರಕ್ಕೆರಡು ಸಲ ಬರುತ್ತಾರೆ. ಉಳಿದ ದಿನಗಳೆಲ್ಲ ಚಿಕ್ಕಮಾದಿಯವೇ. ದಿಕ್ಕಿಲ್ಲದ ಮುದುಕರನ್ನು ಕೈಹಿಡಿದು ಕರೆತಂದು ಒಲೆಯ ಪಕ್ಕ ಕೂರಿಸುತ್ತಾಳೆ. ಬಸುರಿಯರ ಕಾಲು ಊದಿದೆಯೇ ಎಂದು ಒತ್ತಿ ನೋಡುತ್ತಾಳೆ. ಕೆಮ್ಮುವವರನ್ನು, ಜ್ವರದ ಮಕ್ಕಳನ್ನು ಬೇರೆ ಬೇರೆ ಕೂರಿಸುತ್ತಾಳೆ. ಹೊತ್ತೇರುವಷ್ಟರಲ್ಲಿ ಈ ಗುಡಿಸಲು ಆಸ್ಪತ್ರೆಯೂ ಹೌದು, ಹಾಡಿಯ ಜಗಲಿಯೂ ಹೌದು.

ಹೊಸದಾಗಿ ಬಂದವರಿಗೆ ಒಂದು ಸಂಗತಿ ವಿಚಿತ್ರವಾಗಿ ಕಾಣುತ್ತದೆ. ಪಕ್ಕದಲ್ಲೇ ಸರ್ಕಾರದ ಗಟ್ಟಿಮುಟ್ಟಾದ, ಕಲ್ಲುಗೋಡೆಯ ಹೆಂಚಿನ ಕೋಣೆಯಿದೆ. ಅದರಲ್ಲಿರುವುದು ಔಷಧಿ ಸೀಸೆಗಳು ಮಾತ್ರ. ಜನರೆಲ್ಲ ಹುಲ್ಲಿನ ಗುಡಿಸಲಲ್ಲಿ. ಅಂಗಳದಲ್ಲಿ ಅಲ್ಲಲ್ಲಿ ಹಳೆಯ ಒಲೆಗಳ ಕರಿ ಗುರುತು.

ಎಪ್ಪತ್ತೊಂದನೇ ಇಸವಿಯಲ್ಲಿ ಆ ಕೋಣೆ ಎದ್ದಾಗ ಜನ ಒಳಗೇ ಬರುತ್ತಿದ್ದರು. ಆ ವರ್ಷವೇ ಜ್ವರದಲ್ಲಿ ಬಂದ ಜೋಗಯ್ಯ ಅಲ್ಲಿನ ಮಂಚದ ಮೇಲೆ ತೀರಿಕೊಂಡ. ಸಾವಾದ ಗುಡಿಸಲನ್ನು ಬಿಟ್ಟು ಬೇರೆ ಕಟ್ಟಿಕೊಳ್ಳುವುದು ಹಾಡಿಯ ರೂಢಿ. ಕಲ್ಲಿನ ಕೋಣೆಯನ್ನು ಬಿಡುವುದು ಹೇಗೆ? ಮರುದಿನದಿಂದ ಯಾರೂ ಹೊಸ್ತಿಲು ತುಳಿಯಲಿಲ್ಲ. ಕೆಂಪಾಜಮ್ಮ ಫಿನಾಯಿಲ್ ಹಾಕಿ ತೊಳೆಸಿದರು.

"ಆ ವಾಸ್ನೆಗೆ ನೊಣ ಓಯ್ತವೆ ನರ್ಸಮ್ಮ, ಸಾವು ಓಯ್ತದಾ?" ಎಂದ ಹಾಡಿಯ ಯಜಮಾನ ಚೆನ್ನ.

ಇಲಾಖೆಯಿಂದ ತಪಾಸಣೆಗೆ ಬಂದ ಸಾಹೇಬರು, ಮುಂದಿನ ಸಲವೂ ಹೀಗೇ ಖಾಲಿಯಿದ್ದರೆ ಕೇಂದ್ರವನ್ನು ಬೇರೆ ಊರಿಗೆ ಕೊಡುತ್ತೇವೆ ಎಂದು ಹೇಳಿಹೋದರು. ಅದೇ ವಾರ ತುಂಬು ಬಸುರಿ ಮಲ್ಲಿ, ಊದಿದ ಕಾಲು ಎಳೆಯುತ್ತ ಬೇಲಿಯವರೆಗೆ ಬಂದು, ನಿಂತು, ಹಿಂದಿರುಗಿದಳು. ಆ ಬೆನ್ನು ನೋಡಿದ ಚಿಕ್ಕಮಾದಿ ಅಂದೇ ಕತ್ತಿ ಹಿಡಿದು ಹೊರಟಳು.

"ಮನೆ ಬುಡಬೇಕು, ಸರಿ. ನರ್ಸಮ್ಮನ್ನ ಯಾಕೆ ಬುಡಬೇಕು ಅನ್ನುಸ್ತು."

ಬಿದಿರು ಕಡಿದಳು, ಹುಲ್ಲು ಹೊತ್ತಳು, ಅಂಗಳದಲ್ಲೇ ಗುಡಿಸಲು ಎಬ್ಬಿಸಿದಳು. ಆದರೆ ಹೊಸ ಗುಡಿಸಲಿನ ಒಲೆಗೆ ಇನ್ನೊಂದು ಮನೆಯ ಕೆಂಡವೇ ಬರಬೇಕು. ಕೆಂಡ ಕೊಡುವವರಿಲ್ಲದಿದ್ದರೆ ಅದನ್ನು ಹಾಡಿ ಒಪ್ಪಲಿಲ್ಲವೆಂದೇ ಅರ್ಥ. ಚಿಕ್ಕಮಾದಿ ಮೂರು ಕಲ್ಲು ಹೂಡಿ ಬೆಳಿಗ್ಗೆಯೇ ಕುಳಿತಳು. ಸೊಂಟದಲ್ಲಿ ಬೆಂಕಿಪೊಟ್ಟಣವಿತ್ತು. ತೆಗೆಯಲಿಲ್ಲ.

"ಕಡ್ಡಿ ಗೀರಿದ್ರೆ ಬೆಂಕಿ ಬತ್ತದೆ, ಜನ ಬರಕಿಲ್ಲ."

ದಾರಿಯಲ್ಲಿ ಹೋಗುತ್ತಿದ್ದ ಚೆನ್ನ ನಿಂತ. "ಏನಮ್ಮಿ ಚಿಕ್ಕಮಾದಿ, ತಣ್ಣನೆ ಒಲೆ ಮುಂದೆ ಚಳಿ ಕಾಯಿಸ್ತಿದ್ದೀಯಾ?"

"ಬಾ ಎಜಮಾನ, ನಿನ್ ಬೀಡಿ ಕಿಡಿನಾದ್ರೂ ಕೊಡು!"

ಅವನು ಬೀಡಿಯನ್ನು ಕಾಲಲ್ಲಿ ಹೊಸಕಿ ಹೋದ. ಬಿಸಿಲು ಬೇಲಿ ದಾಟಿತು. ಒಲೆ ಹಾಗೇ ತಣ್ಣಗಿತ್ತು. ಎದ್ದುಬಿಡೋಣ ಅನ್ನಿಸುವ ಹೊತ್ತಿಗೆ ಮಡಕೆಯ ಚೂರೊಂದನ್ನು ಎರಡೂ ಕೈಯಲ್ಲಿ ಹಿಡಿದು ಒಬ್ಬಳು ಬಂದಳು. ಜೋಗಯ್ಯನ ಹೆಂಡತಿ ಕುಳ್ಳಮ್ಮ.

"ನನ್ ಗಂಡ ಸತ್ತಿದ್ದು ಆ ಕಲ್ಮನೇಲಿ. ಈ ಗುಡ್ಲಲ್ಲಲ್ಲ. ತಗಾ," ಎಂದು ಕೆಂಡ ಸುರಿದಳು.

ಅವಳ ಹಿಂದೆಯೇ ಮಲ್ಲಿ ಬಂದಳು. ಸಂಜೆಯೊಳಗೆ ಚೆನ್ನನೂ ಬೀಡಿ ಹಚ್ಚುವ ನೆಪದಲ್ಲಿ ಬಂದು, ಕೆಮ್ಮಿನ ಔಷಧಿ ಕುಡಿದು ಹೋದ.

ಮತ್ತೆ ಬಂದ ಸಾಹೇಬರು, ಹೆಂಚಿನ ಕೋಣೆ ಬಿಟ್ಟು ಹುಲ್ಲಿನಡಿ ಯಾಕೆ ಎಂದು ಹುಬ್ಬು ಗಂಟಿಕ್ಕಿದರು. ಕೆಂಪಾಜಮ್ಮ ಚಿಕ್ಕಮಾದಿಯ ಕಡೆ ಕೈ ತೋರಿಸಿದರು. ಚಿಕ್ಕಮಾದಿ ಗಂಜಿ ತಿರುವುತ್ತಲೇ ಹೇಳಿದಳು: "ಸೀಸೆಗಳಿಗೆ ಸಾವಿನ ಭಯ ಇಲ್ಲ ಬುದ್ಧಿ, ಅವು ಒಳಗಿರ್ಲಿ. ನಮಗೆ ಭಯ ಅದೆ, ನಾವು ಒರಗಡೆ ಇರ್ತೀವಿ." ಸಾಹೇಬರು ನಕ್ಕುಬಿಟ್ಟರು. ಗುಡಿಸಲು ತುಂಬ ಜನರಿದ್ದರಲ್ಲ. ಕೇಂದ್ರ ಹಾಡಿಯಲ್ಲೇ ಉಳಿಯಿತು.

ಅಂಗಳದ ಕರಿ ಗುರುತುಗಳ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಮುದುಕ ಮಂಟಯ್ಯ ಒಲೆಯ ಪಕ್ಕದಲ್ಲೇ ಕಣ್ಣುಮುಚ್ಚಿದ ದಿನ ಚಿಕ್ಕಮಾದಿ ಆ ಗುಡಿಸಲನ್ನು ಕಿತ್ತು ಆಚೆ ಕಟ್ಟಿದಳು. ಒಂದು ಎಳೆಗೂಸು ಉಳಿಯದೆ ಹೋದಾಗ ಇನ್ನೂ ಆಚೆ. ಎರಡು ಸಲವೂ ಕರೆಯದೆಯೇ ಮನೆಮನೆಯಿಂದ ಕೆಂಡ ಬಂತು. ಅದನ್ನು ಹೇಳುವಾಗ ಮಾತ್ರ ಅವಳ ದನಿ ತುಸು ಏರುತ್ತದೆ. "ಚೆನ್ನನೇ ಮೊದ್ಲು ಬಂದ!"

ಈಗ ಕೆಂಪಾಜಮ್ಮ ಗುಡಿಸಲಿಗೂ ಹೆಂಚು ಕೊಡಿಸುತ್ತೇನೆ ಎನ್ನುತ್ತಿದ್ದಾರೆ. ಚಿಕ್ಕಮಾದಿ ಒಪ್ಪುತ್ತಿಲ್ಲ.

"ಎಂಚಾದ್ರೆ ಕೀಳಕ್ಕಾಯ್ತದಾ ನರ್ಸಮ್ಮ?"

"ಮತ್ತೆ ಈ ಸೋರೋದು? ಹೊಸ ಹುಲ್ಲಾದ್ರೂ ಹೊದಿಸೇ."

ಚಿಕ್ಕಮಾದಿ ತುಂಬಿದ ಬೋಸಿಯನ್ನು ಹೊರಗೆ ಚೆಲ್ಲಿ, ಮತ್ತೆ ಅದೇ ಹನಿಯ ಕೆಳಗೆ ತಂದಿಡುತ್ತಾಳೆ.

"ಒದಿಸ್ತೀನಿ ಬುಡಿ. ಮೊದ್ಲಿನ ಯಾವ ಗುಡ್ಲೂ ಸೋರೋ ಗಂಟ ನಿಂತಿದ್ದೇ ಇಲ್ಲ. ಇದು ಎರಡು ಮಳೆಗಾಲ ಕಂಡದೆ. ಇಲ್ಲಿ ಯಾರೂ ಸತ್ತಿಲ್ಲ. ಇನ್ನೂ ಅಳೇದಾಗ್ಲಿ, ಗೆದ್ಲು ಇಡೀಲಿ, ಬಿದ್ರೆ ತಾನಾಗೇ ಬೀಳ್ಲಿ. ಅಷ್ಟೇ ನನ್ನ ಆಸೆ."