ಟೈಲರ್ರ ಹಿಂದಿನ ಚಕ್ರ

ಹೋದ ವಾರ ಪ್ಯಾಂಟಿನ ಉದ್ದ ಕಡಿಮೆ ಮಾಡಿಸಲು ಕುಂದಾಪುರದ ಒಂದು ಹೊಲಿಗೆ ಅಂಗಡಿಗೆ ಹೋಗಿದ್ದೆ. ಅಲ್ಲಿಯ ಹೆಂಗಸು ಮಿಷನ್ನಿಗೆ ಎಣ್ಣೆ ಬಿಡುತ್ತಿದ್ದರು. ಆ ತೆಳ್ಳಗಿನ ಎಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಸಿಟ್ಟು ಬಂತು. ಹೊಲಿಗೆ ಮಿಷನ್ನಿನ ಎಣ್ಣೆಯ ಮೇಲೆ ಸಿಟ್ಟಾಗುವವ ಈ ಭೂಮಿಯಲ್ಲಿ ನಾನೊಬ್ಬನೇ ಇರಬೇಕು. ನಮ್ಮ ಟೈಲರ್ರು ಅದೇ ಎಣ್ಣೆಯನ್ನು ಸೈಕಲ್ಲಿನ ಚೈನಿಗೆ ಬಿಡುತ್ತಿದ್ದರು...

ಚೈನಿಗೆ ಅದು ಆಗುವುದಿಲ್ಲ. ಹತ್ತು ಕಿಲೋಮೀಟರ್ ಹೋಗುವಷ್ಟರಲ್ಲಿ ಆರಿಹೋಗುತ್ತದೆ. ಆಮೇಲೆ ಕಡಲಿನ ಉಪ್ಪು, ಮರಳು ಎಲ್ಲ ಸೇರಿ ದಾರಿಯುದ್ದಕ್ಕೂ ಕಿರ್ರ್ ಕಿರ್ರ್. ನಾನೇ ಒಳ್ಳೆಯ ಚೈನ್ ಎಣ್ಣೆ ತಂದುಕೊಟ್ಟರೆ ಅದನ್ನು ಬಾಬಿನ್‌ಗಳ ಪಕ್ಕ ಪ್ರದರ್ಶನಕ್ಕಿಟ್ಟರು.

"ನಲ್ವತ್ತ್ ವರ್ಷ ಮಿಷನ್ ತುಳ್ದಿದೆ ಮಾಷ್ಟ್ರೆ. ತಿರ್ಗು ವಸ್ತುಗೆ ಯಾವ ಎಣ್ಣಿ ಅಂದೇಳಿ ನಂಗ್ ಗೊತ್ತಿಲ್ಯಾ?"

ಕೋಟೇಶ್ವರದಲ್ಲಿ ಅವರ ಅಂಗಡಿ. ಮುಂಬೈಯಲ್ಲಿ ಬಹಳ ವರ್ಷ ಹೊಲಿದು ಊರಿಗೆ ಮರಳುವಾಗ ಯಾರೋ ಬಿಟ್ಟುಕೊಟ್ಟ ಗೇರ್ ಇರುವ ಉಕ್ಕಿನ ಸೈಕಲ್ಲೊಂದನ್ನು ಜೊತೆಗೆ ತಂದಿದ್ದರು. ನಾನು ಕುಂಭಾಶಿ ಕಡೆಯ ಶಾಲೆಯ ಗಣಿತದ ಮಾಷ್ಟ್ರು. ಸಾಲ ಮಾಡಿ ಹಗುರದ ರೇಸ್ ಸೈಕಲ್ ಕೊಂಡು, ಯಾರೂ ಜೊತೆಗಿಲ್ಲದೆ ಹೈವೇಯಲ್ಲಿ ತಿರುಗುತ್ತಿದ್ದವನನ್ನು "ಹ್ವಾಯ್ ಮಾಷ್ಟ್ರೆ, ಸೀಟ್ ತಗ್ಗಾಯ್ತ್ ಕಾಣಿ" ಎಂದು ಕರೆದು ನಿಲ್ಲಿಸಿದ್ದು ಅವರೇ. ಅಂದಿನಿಂದ ಭಾನುವಾರಗಳು ನಮ್ಮಿಬ್ಬರವು.

ಮಳೆಗಾಲದಲ್ಲಿ ಸವಾರಿ ಬಂದ್. ಜುಲೈಯಲ್ಲಿ ಯೂನಿಫಾರ್ಮಿನ ಹೊಲಿಗೆಯೂ ಮುಗಿದಿರುತ್ತಿತ್ತು. ಫ್ರಾನ್ಸಿನ ದೊಡ್ಡ ಸೈಕಲ್ ರೇಸ್ ನಡೆಯುವ ಮೂರು ವಾರ ಸಂಜೆ ಅವರ ಅಂಗಡಿಯಲ್ಲಿ, ನೂಲಿನ ಡಬ್ಬಿಗೆ ಫೋನ್ ಒರಗಿಸಿಕೊಂಡು, ಇಬ್ಬರೂ ಕೂತು ನೋಡುತ್ತಿದ್ದೆವು. ನನಗೆ ಎಲ್ಲರಿಗಿಂತ ಮುಂದಿರುವ ಹಳದಿ ಅಂಗಿಯವನೇ ದೇವರು. ಟೈಲರ್ರಿಗೋ ಅವನ ಕಡೆ ಲಕ್ಷ್ಯವೇ ಇಲ್ಲ. ಹಿಂದಿನ ಕಾರಿನಿಂದ ನೀರಿನ ಬಾಟಲಿ ಹೊತ್ತು ತರುವವರು, ತಂಡದ ನಾಯಕನ ಕಾಲು ದಣಿಯದಂತೆ ಅವನ ಮುಂದೆ ಗಾಳಿಗೆ ಎದೆಕೊಟ್ಟು ಗಂಟೆಗಟ್ಟಲೆ ತುಳಿದು ಕೊನೆಯ ಏರಿನಲ್ಲಿ ಹಿಂದೆ ಬೀಳುವವರು, ಅಂಥವರ ಹೆಸರೆಲ್ಲ ಅವರಿಗೆ ಬಾಯಿಪಾಠ. ಗೆಲುವಿನ ಗೆರೆ ಹತ್ತಿರ ಬಂದಾಗ ನಾನು ಎದ್ದು ನಿಂತು ಕೂಗುತ್ತಿದ್ದರೆ, ಇವರದು ಒಂದೇ ರಾಗ: "ಆ ನೀರ್ ತಪ್ಪವ ಎಲ್ಲಿದ್ದ ಕಾಣಿ ಮಾಷ್ಟ್ರೆ." ತಲೆ ಚಚ್ಚಿಕೊಳ್ಳಬೇಕು ಅನಿಸುತ್ತಿತ್ತು.

ರಸ್ತೆಯಲ್ಲೂ ಅದೇ ಹಟ. ಯಾವಾಗಲೂ ಅವರೇ ಮುಂದೆ. ಕಡಲಗಾಳಿ ಬೀಸುವ ಕಡೆಗೆ ಅವರು, ಮರೆಯಲ್ಲಿ ಒಂದು ಚಕ್ರ ಹಿಂದೆ ನಾನು. ಒಮ್ಮೆ ನಾನು ಮುಂದೆ ಹೋಗುತ್ತೇನೆಂದರೆ ಕೇಳಬೇಕಲ್ಲ! ನಾನು ದಾಟಿದರೆ ಎರಡು ನಿಮಿಷದಲ್ಲಿ ಮತ್ತೆ ಕಿರ್ರ್ ಕಿರ್ರ್ ಎನ್ನುತ್ತ ನನ್ನ ಮುಂದೆ. ನನ್ನನ್ನು ಏನು ಕೈಲಾಗದವ ಅಂದುಕೊಂಡಿದ್ದಾರೆಯೇ ಎಂದು ಒಳಗೊಳಗೇ ಕುದಿಯುತ್ತಿದ್ದೆ.

ನನಗಿದ್ದದ್ದು ಒಂದೇ ಆಸೆ, ಒಂದೇ ದಿನದಲ್ಲಿ ನೂರು ಕಿಲೋಮೀಟರ್. ಎರಡು ಸಲ ಹೊರಟು ಎರಡು ಸಲವೂ ಕಾಲು ಹಿಡಿದುಕೊಂಡು ಬಸ್ಸಿನ ಟಾಪಿನಲ್ಲಿ ಸೈಕಲ್ ಹಾಕಿ ಬಂದಿದ್ದೆ. ಮೂರನೆಯ ಸಲ, ಒಂದು ಮಾರ್ಚ್ ಭಾನುವಾರ, ಟೈಲರ್ರೇ ದಾರಿ ಗೊತ್ತು ಮಾಡಿದರು. ಕೋಟೇಶ್ವರದಿಂದ ಬೈಂದೂರು, ಅಲ್ಲಿಂದ ತಿರುಗಿ ಸೀದಾ ಬ್ರಹ್ಮಾವರ, ಮತ್ತೆ ಮನೆ. ನೂರಕ್ಕೆ ಮೋಸವಿಲ್ಲ.

ಹೋಗುವಾಗ ಎಲ್ಲ ಸಲೀಸು. ಬೈಂದೂರಿನಲ್ಲಿ ಅವರು ತಿಂಡಿ ಮುಟ್ಟಲಿಲ್ಲ, ಬಹಳ ಹೊತ್ತು ಕೂತರು. ತಿರುಗಿ ಬರುವಾಗ ಉಪ್ಪುಂದ ದಾಟುವಷ್ಟರಲ್ಲಿ ಬಿಸಿಲು ನೆತ್ತಿಗೇರಿತ್ತು. ಮರವಂತೆಯಲ್ಲಿ ಗಾಳಿ ರಪ್ಪನೆ ಬಲಗಡೆಯಿಂದ ಹೊಡೆಯಿತು. ಟೈಲರ್ರ ವೇಗ ಇಳಿಯತೊಡಗಿತು. ನನ್ನ ಕಾಲಿನಲ್ಲಿ ಇನ್ನೂ ಬೇಕಾದಷ್ಟು ಕಸುವಿತ್ತು. ಮೂರನೆಯ ಸಲವೂ ಕೈತಪ್ಪುತ್ತದೆ ಎಂಬ ಹೆದರಿಕೆ ಬೇರೆ.

"ಟೈಲರ್ರೆ, ಹಿಂಗ್ ಹೋರೆ ಬ್ರಹ್ಮಾವರ ಮುಟ್ಟುದ್ ನಾಳಿಗೇ!" ಎಂದು ಕೂಗಿದೆ.

"ಹಿಂದೆ ಬನ್ನಿ ಮಾಷ್ಟ್ರೆ, ಗಾಳಿ ಇತ್ತ್. ಕಾಲ್ ಉಳ್ಸ್ಕಣಿ."

ನಾನು ಉಳಿಸಿಕೊಳ್ಳಲಿಲ್ಲ. ಎದ್ದು ನಿಂತು ತುಳಿದು ಅವರನ್ನು ದಾಟಿ ಹೋದೆ. ತಿರುಗಿ ನೋಡಲೂ ಇಲ್ಲ. ಹೆಮ್ಮಾಡಿಯಲ್ಲಿ ಕಬ್ಬಿನ ಹಾಲು ಕುಡಿಯುತ್ತ ಕಾದೆ. ಮುಕ್ಕಾಲು ಗಂಟೆಯ ಮೇಲೆ ಅವರು ಸೈಕಲ್ ದೂಡಿಕೊಂಡು ನಡೆದು ಬಂದರು. ಮುಖ ಬಿಳುಚಿತ್ತು. ಬಿಸಿಲು ಅಂದುಕೊಂಡೆ.

"ನೀವ್ ಹೋಯ್ನಿ ಮಾಷ್ಟ್ರೆ. ನೂರ್ ಮಾಡಿ. ನಾ ಬಸ್ಸಂಗ್ ಬತ್ತೆ."

ನಾನು ಹೋದೆ. ನೂರು ಮಾಡಿದೆ. ಫೋಟೋ ಹಾಕಿದೆ. ಮುಂದಿನ ಭಾನುವಾರ ಅವರು ಬರಲಿಲ್ಲ, ಅದರ ಮುಂದಿನ ಭಾನುವಾರವೂ ಇಲ್ಲ. ಒಂದು ಮಾತಿಗೆ ಇಷ್ಟು ಮುನಿಸೇ, ಬೇಕಾದರೆ ಅವರೇ ಕರೆಯಲಿ ಎಂದು ನಾನೂ ಬಿಗಿದುಕೊಂಡು ಕೂತೆ. ಅಂಗಡಿಯ ಮುಂದೆ ಹಾದುಹೋಗುವಾಗ ಬೇಕೆಂದೇ ಆಚೆ ಮುಖ ಮಾಡಿದ್ದೂ ಉಂಟು... ಮಳೆ ಹಿಡಿದ ಮೊದಲ ವಾರದಲ್ಲಿ ಟೈಲರ್ರು ಹೋದರು ಎಂಬ ಸುದ್ದಿ ಬಂತು. ಹೃದಯದ ತೊಂದರೆಯಂತೆ.

ಮನೆಗೆ ಹೋದಾಗ ಅವರ ಹೆಂಡತಿ ಕುರ್ಚಿ ಹಾಕಿ ಕೂರಿಸಿದರು.

"ಡಾಕ್ಟ್ರ್ ಸೈಕಲ್ ಬೇಡ ಅಂದೇಳಿ ಮೊದ್ಲೇ ಹೇಳಿದ್ರ್. ಮಾಷ್ಟ್ರದ್ದ್ ಆ ನೂರ್ ಕಿಲೋಮೀಟರ್ ಒಂದ್ ಆಯ್ಲಿ, ಮತ್ತೆ ಬಿಡ್ತೆ ಅಂದಿದ್ರ್." ಆಮೇಲೆ ಕೇಳಿದರು, "ಆಯ್ತಲ್ದಾ ನಿಮ್ದ್?"

ಆಯಿತು ಎಂದೆ.

ಮೊನ್ನೆ ಭಾನುವಾರ ಒಬ್ಬನೇ ಅದೇ ದಾರಿಯಲ್ಲಿ ಬರುತ್ತಿದ್ದೆ. ಮರವಂತೆಯಲ್ಲಿ ಅದೇ ಗಾಳಿ. ಏನು ಮಾಡಿದರೂ ವೇಗ ಗಂಟೆಗೆ ಹದಿನೆಂಟು ಕಿಲೋಮೀಟರನ್ನು ದಾಟಲಿಲ್ಲ. ಅಂದು ಅವರು ಕೆಟ್ಟುಹೋದ ಹೃದಯ ಇಟ್ಟುಕೊಂಡು, ನನ್ನನ್ನು ಮರೆಯಲ್ಲಿಟ್ಟುಕೊಂಡು ಇಪ್ಪತ್ತೆರಡರಲ್ಲಿ ಹೋಗುತ್ತಿದ್ದರು. ಅದನ್ನೇ ನಾನು ನಿಧಾನ ಎಂದದ್ದು. ನನ್ನ ಕಾಲಿನಲ್ಲಿ ಕಸುವು ಉಳಿದದ್ದು ಹೇಗೆಂದು ಗಣಿತದ ಮಾಷ್ಟ್ರಿಗೆ ಅಂದು ಹೊಳೆಯಲಿಲ್ಲ.

ಸೈಕಲ್ ನಿಲ್ಲಿಸಿ, ಯಾರಿಗೆ ಕೇಳಿದರೂ ಕೇಳಲಿ ಎಂದು ಗಟ್ಟಿಯಾಗಿಯೇ ಬೈದೆ. "ಒಂದ್ ಮಾತ್ ಹೇಳುಕ್ ಆತಿರ್ಲಿಲ್ಯಾ ಟೈಲರ್ರೆ ನಿಮ್ಗೆ?"

ಹೇಳಿದ್ದರೆ ನಾನು ನಿಲ್ಲುತ್ತಿದ್ದೆನೇ? ಇನ್ನು ನಲವತ್ತೇ ಕಿಲೋಮೀಟರ್ ಉಳಿದಿದ್ದ ಆ ಮಧ್ಯಾಹ್ನ... ನಿಲ್ಲುತ್ತಿದ್ದೆ ಎನ್ನಲು ಈಗಲೂ ನನಗೆ ಬಾಯಿ ಬರುವುದಿಲ್ಲ.