ಸುಣ್ಣದ ಗೆರೆ ಎಳೆಯುತ್ತಿದ್ದ ಸಾಹೇಬರು

ಶಿಡ್ಲಘಟ್ಟದಲ್ಲಿ ನಮ್ಮ ಪಕ್ಕದ ಮನೆಯ ಸಾಹೇಬರದು ರೇಷ್ಮೆ ನೂಲು ತೆಗೆಯುವ ಕೆಲಸ, ಪುಟ್ಟಾ. ಭಾನುವಾರ ಬೆಳಿಗ್ಗೆ ಮಾತ್ರ ಅವರು ನೀವು ಮಕ್ಕಳು ಆಡುವ ಫುಟ್‌ಬಾಲ್ ಮೈದಾನಕ್ಕೆ ಸುಣ್ಣದ ಗೆರೆ ಎಳೆಯುತ್ತಿದ್ದರು. ಯಾರಾದರೂ ತುಳಿದರೆ, "ನೋಡ್ಕೊಂಡು ನಡಿಯಪ್ಪ" ಎನ್ನುವರು, ಅಷ್ಟೇ.

ಇಷ್ಟು ವರ್ಷ ಗೆರೆ ಎಳೆದಿದ್ದಕ್ಕೆ ಫುಟ್‌ಬಾಲ್ ಕ್ಲಬ್ಬಿನವರು ಅವರಿಗೆ ಸನ್ಮಾನ ಇಟ್ಟುಕೊಂಡ ದಿನ ಮೈದಾನದ ನಡುವೆಯೇ ಕುರ್ಚಿ ಹಾಕಿದ್ದರು. ಭಾಷಣಗಳು ಮುಗಿಯಲೇ ಇಲ್ಲ. ಹುಡುಗಿಯರ ಮೊದಲ ಪಂದ್ಯ ಇನ್ನೂ ಬಾಕಿ, ಹೊತ್ತು ಇಳಿಯುತ್ತಿತ್ತು.

"ಇವತ್ತು ನಮ್ಮನ್ನ ಆಡಿಸಲ್ಲ ಕಣಜ್ಜಿ" ಎಂದು, ಗೋಲು ಕಾಯಬೇಕಿದ್ದ ನಿಮ್ಮಕ್ಕ ಕಣ್ಣು ತುಂಬಿಕೊಂಡಳು.

ರೇಷ್ಮೆಗೂಡಿನ ಹಾರ ಹಾಕಿ ಸಾಹೇಬರ ಕೈಗೆ ಮೈಕು ಕೊಟ್ಟರು. ಅವರು ಒಂದು ಗೂಡನ್ನು ಅದುಮಿ ನೋಡಿದರು.

"ಗೂಡು ಚೆನ್ನಾಗೈತೆ. ಈಗ ಕುರ್ಚಿ ತೆಗೀರಪ್ಪ, ಹುಡ್ಗೀರು ಆಡ್ಲಿ."

ಅತಿಥಿಗಳೇ ನಗುತ್ತಾ ಕುರ್ಚಿ ಎತ್ತಿದರು. ಕತ್ತಲಾಗುವಷ್ಟರಲ್ಲಿ ನಿಮ್ಮಕ್ಕ ಮೂರು ಗೋಲು ಬಿಟ್ಟುಕೊಟ್ಟಿದ್ದಳು. ಆದರೂ ದಾರಿಯುದ್ದಕ್ಕೂ ನಗುತ್ತಲೇ ಮನೆಗೆ ಬಂದಳು.