ಪಾರ್ಕ್ ಅವರ ಅಮ್ಮನ ಸೋಜು

ಇದು ನಡೆದದ್ದು ೧೯೯೦ರ ಏಪ್ರಿಲ್‌ನಲ್ಲಿ. ಕೊಲ್ಲಿ ದೇಶದ ಶುಐಬಾದಲ್ಲಿನ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ನಾನು ನೀರು ಪರೀಕ್ಷಿಸುತ್ತಿದ್ದೆ. ಕೊರಿಯಾದ ಫೋರ್‌ಮನ್ ಪಾರ್ಕ್ ಅವರಿಗೆ ನನ್ನ ಭಟ್ಟಿ ಉಪಕರಣ ಕಂಡಾಗಲೆಲ್ಲ ಅಮ್ಮನ ನೆನಪು. ಆಕೆ ಅಕ್ಕಿ ಹುಳಿಬರಿಸಿ, ಮಣ್ಣಿನ ಪಾತ್ರೆಯಲ್ಲಿ ಸೋಜು ಎಂಬ ಮದ್ಯ ಇಳಿಸುತ್ತಿದ್ದರಂತೆ.

"ಅಂಗಡಿಯದು ಸೋಜುವೇ ಅಲ್ಲ ಭಾಯಿ. ಸ್ಪಿರಿಟ್ಟಿಗೆ ನೀರು, ಸಿಹಿ, ಖಲಾಸ್!"

"ಇಲ್ಲಿ ಎರಡೂ ನಿಷಿದ್ಧ. ನನ್ನ ಕೆಲಸ ಹೋಗುತ್ತದೆ."

"ವ್ಯತ್ಯಾಸ ಬರೀ ನೀರಿನಲ್ಲಿ ತೋರಿಸುತ್ತೇನೆ" ಎಂದು ಅವರು ಒಂದು ಲೋಟಕ್ಕೆ ಭಟ್ಟಿ ಇಳಿಸಿದ ನೀರು ಸುರಿದರು. ಅದು ಅಮ್ಮನದು. ಇನ್ನೊಂದಕ್ಕೆ ನಲ್ಲಿ ನೀರು, ಸೂಪರ್‌ವೈಸರ್ ಚಹಾಕ್ಕೆ ಹಾಕಿಕೊಳ್ಳುವ ಸ್ಯಾಕರಿನ್ ಮಾತ್ರೆ. ಅದು ಅಂಗಡಿಯದು. ಹಿರಿಯರ ಎದುರು ಕುಡಿಯುವಾಗ ಲೋಟವನ್ನು ಎರಡು ಕೈಯಲ್ಲಿ ಹಿಡಿದು, ಮುಖ ಆಚೆ ತಿರುಗಿಸಬೇಕೆಂದೂ ಕಲಿಸಿದರು. ನಾನು ಹಾಗೇ ಮಾಡಿದೆ. ಅಮ್ಮನ ಲೋಟದಿಂದ ಒಂದು ಗುಟುಕು ಹೀರಿದ ಪಾರ್ಕ್ ಕಣ್ಣುಮುಚ್ಚಿ ಹಾಡತೊಡಗಿದರು.

ಆಗಲೇ ಸೂಪರ್‌ವೈಸರ್ ಒಳಬಂದರು.

"ಏನದು?"

"ನೀರು, ಸಾರ್."

"ನೀರನ್ನು ಯಾರಾದರೂ ಗೋಡೆ ನೋಡಿಕೊಂಡು ಕುಡಿಯುತ್ತಾರೇನಯ್ಯಾ? ಕುಡಿದು ಹಾಡುತ್ತಾರಾ?"

ಎರಡೂ ಲೋಟಗಳಲ್ಲಿ ಉಳಿದದ್ದನ್ನು ತಮ್ಮೆದುರೇ ಪರೀಕ್ಷಿಸಿ ಬರೆದುಕೊಡಲು ಹೇಳಿದರು. ಮದ್ಯ ಸಿಕ್ಕರೆ ಇಬ್ಬರೂ ಊರಿಗೆ. ನಾನು ಪರೀಕ್ಷೆಗೆ ತೊಡಗಿದೆ. ಪಾರ್ಕ್ ನನ್ನ ಹೆಗಲ ಮೇಲಿಂದ ಇಣುಕಿ ಪಿಸುಗುಟ್ಟಿದರು:

"ಅಮ್ಮನದೇ ಜಾಸ್ತಿ ಅಲ್ವಾ?"

ಫಲಿತಾಂಶ ನೋಡಿ ಪಾರ್ಕ್ ಎರಡು ದಿನ ನನ್ನೊಡನೆ ಮಾತು ಬಿಟ್ಟರು. ವರದಿಯಲ್ಲಿ ಬರೆದದ್ದು ಇಷ್ಟೇ. ಮೊದಲ ಲೋಟದಲ್ಲಿ ಮದ್ಯ: ೦. ಎರಡನೆಯದರಲ್ಲಿ: ೦.